ಇಲ್ಲದ ದೇಶಕ್ಕೆ ಬರೆದ ಹಿಂಬರಹ

ಯಾದಗಿರಿ, ಶಹಾಪುರ, ಸುರಪುರ ಈ ಮೂರು ತಾಲ್ಲೂಕುಗಳಲ್ಲಿ ಮೂವತ್ತೊಂದು ವರ್ಷ ಸರಕಾರಿ ಭೂಮಾಪಕನಾಗಿ ದುಡಿದವನು ನಾನು. ಜನರ ಬಾಯಲ್ಲಿ ಸರ್ವೇಯರ್ ಸಾಹೇಬ. ಹೊಲಕ್ಕೆ ಹೊಲ ಕೂಡುವಲ್ಲಿ ತಂಟೆ ಬಂದರೆ ಅಳತೆಯ ಚೈನು ಎಳೆದು, ಗಡಿ ಗುರುತಿಸಿ, ಕಲ್ಲು ನೆಡಿಸುವುದು ನನ್ನ ಕೆಲಸ. ಇಲಾಖೆಯಲ್ಲಿ ಅದಕ್ಕೆ ಹದ್ದುಬಸ್ತು ಅನ್ನುತ್ತೇವೆ. ಈಗ ಹೇಳುವ ಪ್ರಕರಣ ಮಾತ್ರ ನಿವೃತ್ತಿಯಾದ ಎರಡನೇ ವರ್ಷದ್ದು. ಆ ಜಮೀನು ಭೂಮಿಯ ಮೇಲೆ ಎಲ್ಲಿಯೂ ಇರಲಿಲ್ಲ. ಆದರೂ ನನ್ನ ಕಸುಬಿನ ಅತಿ ದೊಡ್ಡ ತಪ್ಪು ನಾನು ಮಾಡಿದ್ದು ಅಲ್ಲಿಯೇ ನೋಡ್ರಿ.

ಶಹಾಪುರದ ರುಖಿಯಾ ನನ್ನ ಚೈನ್‌ಮನ್ ಆಗಿದ್ದ ಇಮಾಮಸಾಬನ ಮಗಳು. ಇಮಾಮಸಾಬ ಇಪ್ಪತ್ತು ವರ್ಷ ನನ್ನ ಚೈನಿನ ಆಚೆ ತುದಿ ಹಿಡಿದವನು, ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಈ ಹುಡುಗಿ ಶಾಲೆಯ ಟೀಚರ್ ಕೆಲಸ ಬಿಟ್ಟು ‘ಕಲ್ಪದುರ್ಗ’ ಅನ್ನುವ ತ್ರೈಮಾಸಿಕ ತರುತ್ತಿದ್ದಳು. ಅದು ಫ್ಯಾಂಟಸಿ ರೋಲ್‌ಪ್ಲೇಯಿಂಗ್ ಗೇಮ್ ಆಡುವವರ ಪತ್ರಿಕೆ. ಹಾಗಂದರೇನವ್ವಾ ಅಂತ ನಾನೂ ಕೇಳಿದ್ದೆ. ನಾಲ್ಕೈದು ಜನ ಮೇಜಿನ ಸುತ್ತ ಕೂಡುತ್ತಾರೆ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ಆಗುತ್ತಾರೆ. ಒಬ್ಬ ಬೇಟೆಗಾರ, ಒಬ್ಬಳು ಮಂತ್ರಗಾತಿ, ಹೀಗೆ. ಎದುರಿಗೆ ಹಳ್ಳ ಬಂತು, ಏನು ಮಾಡುತ್ತೀರಿ ಅಂತ ಕಥೆಯವರು ಕೇಳಿದರೆ ತಮ್ಮ ಪಾತ್ರ ಏನು ಮಾಡುತ್ತದೋ ಹೇಳಿ ದಾಳ ಉರುಳಿಸುತ್ತಾರೆ. ದಾಳ ಒಲಿದರೆ ದಾಟಿದರು, ಇಲ್ಲವಾದರೆ ಮುಳುಗಿದರು. ಇವರಿಗೆ ಹೊಸ ಕಥೆ, ಹೊಸ ರಾಕ್ಷಸ, ಹೊಸ ಊರು ಒದಗಿಸುವುದು ಪತ್ರಿಕೆಯ ಕೆಲಸ.

ಐದನೇ ಸಂಚಿಕೆಗೆ ಅವಳಿಗೊಂದು ದೇಶದ ನಕ್ಷೆ ಬೇಕಾಗಿತ್ತು. ಇಲ್ಲದ ದೇಶ! ನಾನು ನಕ್ಕುಬಿಟ್ಟೆ. ಆದರೆ ಕಾಗದದ ಮುಂದೆ ಕೂತವನು ಎರಡು ತಿಂಗಳು ಏಳಲಿಲ್ಲ. ಬೆಳಿಗ್ಗೆ ಚಹಾ ಕುಡಿದು ಕೂತರೆ ನದಿ ತಾನಾಗಿ ಇಳಿದು ಬರುತ್ತಿತ್ತು. ಭೀಮೆಯ ಹಾಗೆಯೇ ಬಂಡೆಗಳ ನಡುವೆ ಸುತ್ತಿ ಬಳಸಿ, ಯಾವ ಅವಸರವೂ ಇಲ್ಲದೆ. ಶಹಾಪುರದ ಗುಡ್ಡ ಅಂಗಾತ ಮಲಗಿದ ಮನುಷ್ಯನಂತೆ ಕಾಣುತ್ತದಲ್ಲ, ಆ ಮನುಷ್ಯ ಎದ್ದು ಕೂತರೆ ಹೇಗಿರುತ್ತಾನೋ ಹಾಗೊಂದು ಬೆಟ್ಟ ಬರೆದೆ. ಅದರ ನೆರಳು ಸಂಜೆಯ ಹೊತ್ತು ಎಷ್ಟು ಊರು ಮುಟ್ಟುತ್ತದೆ ಅಂತ ಯೋಚಿಸುತ್ತ ಕೂತರೆ ಊಟದ ನೆನಪಿರುತ್ತಿರಲಿಲ್ಲ. ಹೆಂಡತಿ ಕರೆದರೆ, ಹೊಳೆ ದಾಟುತ್ತಿದ್ದೇನೆ, ತಡಿ ಅನ್ನುತ್ತಿದ್ದೆನಂತೆ. ಈಗಲೂ ಬಂದವರ ಮುಂದೆಲ್ಲ ಅದನ್ನೇ ಹೇಳಿ ನಗುತ್ತಾಳೆ.

ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅಂತಾರಲ್ಲ. ಕನಸಿನ ದೇಶವಾದರೇನು, ನಾನು ಸರ್ವೇಯರನೇ. ಇನ್ನೂರ ಹನ್ನೆರಡು ಸರ್ವೆ ನಂಬರ್ ಹಾಕಿದೆ. ಪ್ರತಿಯೊಂದಕ್ಕೂ ಯಜಮಾನ, ಬಾವಿ, ಮರ, ಹಾದಿ. ನಿಧಿ ಯಾವ ಗುಹೆಯಲ್ಲಿ, ದೆವ್ವ ಯಾವ ಬೇವಿನ ಮರದಲ್ಲಿ, ಎಲ್ಲಕ್ಕೂ ಗುರುತು. ಒಂದು ಗುಂಟೆ ಖಾಲಿ ಬಿಡಲಿಲ್ಲ.

ಸಂಚಿಕೆ ಬಂತು. ನಕ್ಷೆ ನೋಡಿದವರೆಲ್ಲ ಹೊಗಳಿದರು, ನಾನು ಉಬ್ಬಿದೆ. ಪತ್ರಿಕೆಯ ಮಾರಾಟ ಮಾತ್ರ ಇಳಿಯುತ್ತಲೇ ಇತ್ತು. ಅಂಗಡಿಗಳಿಂದ ಕಟ್ಟುಗಟ್ಟಲೆ ಪ್ರತಿ ವಾಪಸು. ಮಗಳು ಕೈಯಲ್ಲಿದ್ದ ನೌಕರಿ ಬಿಟ್ಟಳೆಂಬ ಸಂಕಟ ತಾಯಿಗೆ ಇದ್ದೇ ಇತ್ತು. ಆರನೆಯದೂ ಹೀಗೆಯೇ ಆದರೆ ಅದೇ ಕೊನೆ, ಸುಮ್ಮನೆ ಶಾಲೆಗೆ ಹೋಗತಕ್ಕದ್ದು ಅಂತ ಮನೆಯಲ್ಲಿ ತೀರ್ಮಾನವಾಯಿತು. ರುಖಿಯಾ ಒಪ್ಪಿಕೊಂಡಳು. ಒಪ್ಪಿಕೊಂಡ ದಿನ ನನ್ನ ಮನೆಗೆ ಬಂದು, ಅಪ್ಪ ಸತ್ತಾಗಲೂ ಅಳದವಳು, ಅತ್ತಳು.

ಐದನೇ ಸಂಚಿಕೆಯ ಜೊತೆ ಒಂದು ಕಾರ್ಡು ಇಟ್ಟಿದ್ದಳು: ‘ಈ ಪತ್ರಿಕೆಯಿಂದ ನಿಮಗೇನು ಬೇಕು?’ ನಲವತ್ತಮೂರು ಉತ್ತರ ಬಂದವು. ಒಬ್ಬರಿಗೆ ಕತ್ತಿಗಳ ಪಟ್ಟಿ ಬೇಕು, ಒಬ್ಬರಿಗೆ ನಿಯಮಗಳು ಸರಳವಾಗಬೇಕು. ಗುರುಮಠಕಲ್‌ನ ಬಸ್ ಕಂಡಕ್ಟರಿಗೆ ಎರಡು ಟ್ರಿಪ್ಪಿನ ನಡುವೆ ಮುಗಿಯುವ ಕಥೆ ಬೇಕು. ರಾಮಸಮುದ್ರದ ಒಬ್ಬರಿಗೆ ಜೋಳದ ರೊಟ್ಟಿ ತಿನ್ನುವ ರಾಕ್ಷಸ ಬೇಕಂತೆ. ಓದಿ ಓದಿ ಇಬ್ಬರ ತಲೆಯೂ ಚಿಟ್ಟು ಹಿಡಿಯಿತು. ನಕ್ಷೆಗೆ ಸಂಬಂಧಪಟ್ಟ ಕಾರ್ಡುಗಳನ್ನು ಅವಳು ನನಗೆ ಕೊಟ್ಟು, ಉತ್ತರ ಬರೆಯಲು ಹೇಳಿದಳು.

ಅವುಗಳಲ್ಲೊಂದು ಸುರಪುರದ ಆಸ್ಪತ್ರೆಯ ನರ್ಸ್ ಕಮಲಾಬಾಯಿಯದು. ಆಟದಲ್ಲಿ ತನ್ನ ಪಾತ್ರ ದೋಣಿ ನಡೆಸುವ ಹೆಂಗಸು. ನದಿಯ ಪಡುವಣ ದಂಡೆಗೆ, ಬೆಟ್ಟದ ಕೆಳಗೆ, ಅವಳಿಗೊಂದು ಸಣ್ಣ ಮನೆ ಕಟ್ಟಿಕೊಳ್ಳಬಹುದೇ ಅಂತ ಕೇಳಿದ್ದರು. ನಾನು ನಕ್ಷೆ ತೆಗೆದು ನೋಡಿದೆ. ನಲವತ್ತೊಂದನೇ ನಂಬರು, ಉಪ್ಪಿನ ವ್ಯಾಪಾರಿಯದು. ಅರ್ಜಿ ತಿರಸ್ಕರಿಸುವಾಗ ಕಚೇರಿಯಿಂದ ಅರ್ಜಿದಾರರಿಗೆ ಹಿಂಬರಹ ಅಂತ ಒಂದು ಪತ್ರ ಹೋಗುತ್ತದೆ. ಆ ಭಾಷೆ ನನ್ನ ಬೆರಳಿಗೆ ಅಂಟಿಬಿಟ್ಟಿದೆ. ಬರೆದೆ: ‘ತಮ್ಮ ಕೋರಿಕೆಯನ್ನು ಪರಿಶೀಲಿಸಲಾಗಿ, ಸದರಿ ಸ್ಥಳವು ಉಪ್ಪಿನ ವ್ಯಾಪಾರಿಯ ಹೆಸರಿನಲ್ಲಿ ದಾಖಲಾಗಿದ್ದು, ಖಾಲಿ ಇರುವುದಿಲ್ಲವಾದ್ದರಿಂದ ಪರಿಗಣಿಸಲು ಬರುವುದಿಲ್ಲ.’ ಸೀಲು ಇರಲಿಲ್ಲ. ಇದ್ದಿದ್ದರೆ ಒತ್ತಿಯೇ ಕಳಿಸುತ್ತಿದ್ದೆ.

ಸುರಪುರದಲ್ಲಿ ಪ್ರತಿ ರವಿವಾರ ಮಧ್ಯಾಹ್ನ ಆಡುವ ಒಂದು ಗುಂಪಿತ್ತು. ಓದುಗರಿಗೆ ನಿಜವಾಗಿ ಏನು ಬೇಕು ಅಂತ ಕಣ್ಣಾರೆ ನೋಡಿ ಬರಲು ರುಖಿಯಾ ನನ್ನನ್ನು ಕಳಿಸಿದಳು. ಶರಣಮ್ಮ ಅನ್ನುವವರ ಟೇಲರಿಂಗ್ ಅಂಗಡಿ, ಅದರ ಮೇಲಿನ ಕೋಣೆ. ಕಥೆ ನಡೆಸುವವರೂ ಅವರೇ. ಒಳಗೆ ಕಾಲಿಟ್ಟೆ, ಎದುರಿನ ಗೋಡೆಯ ಮೇಲೆ ನನ್ನ ನಕ್ಷೆ! ಕಟ್ಟು ಹಾಕಿಸಿ, ಗಾಜು ಕೂಡಿಸಿ ತೂಗುಹಾಕಿದ್ದರು. ನನಗೆ ಸ್ವರ್ಗಕ್ಕೆ ಮೂರೇ ಗೇಣು. ಆಮೇಲೆ ಆಟಕ್ಕೆ ಕೂತರು. ಶರಣಮ್ಮ ಬ್ಲೌಸಿನ ಅಳತೆಗೆ ಕತ್ತರಿಸುವ ಖಾಕಿ ಕಾಗದ ಹಾಸಿ, ಬಟ್ಟೆಗೆ ಗುರುತು ಹಾಕುವ ಚಾಕ್‌ನಿಂದ ಒಂದು ಡೊಂಕು ಗೆರೆ ಎಳೆದು, ಇದು ಹೊಳೆ ಅಂದರು.

ನನ್ನ ಮೈಯೆಲ್ಲ ಉರಿದುಹೋಯಿತು. ಗೋಡೆಗೆ ಅಂಥ ನಕ್ಷೆ ಇಟ್ಟುಕೊಂಡು ಈ ಗೀಚಾಟ ಯಾಕೆ ಅಂತ ಕೇಳಿಯೇಬಿಟ್ಟೆ.

“ಭಾಳ ಛಂದ ಅದರಿ ಸರ, ಅದಕ್ಕ ಗ್ವಾಡಿಗಿ ಹಾಕೀವಿ,” ಅಂದರು ಶರಣಮ್ಮ. “ಆದ್ರ ಅದರಾಗ ನಮಗ ಜಾಗಾನೇ ಇಲ್ರಿ.”

ಎದುರಿಗೆ ಐವತ್ತು ದಾಟಿದ ಹೆಂಗಸೊಬ್ಬರು ತಲೆ ತಗ್ಗಿಸಿ ದಾಳ ಹಿಡಿದು ಕೂತಿದ್ದರು. ಹೆಸರು ಕೇಳಿದೆ. ಕಮಲಾಬಾಯಿ. ನನ್ನ ಹಿಂಬರಹ ಹೋಗಿದ್ದು ಇವರಿಗೇ.

ಆಟ ಶುರುವಾಯಿತು. ಆಚೆ ದಂಡೆಗೆ ಏನಿದೆ ಅಂತ ಯಾರೋ ಕೇಳಿದರೆ ಶರಣಮ್ಮ, ನನಗೂ ಗೊತ್ತಿಲ್ಲ, ಹೋಗಿ ನೋಡೋಣ ಅಂದರು. ಕಮಲಾಬಾಯಿ ದೋಣಿ ಬಿಟ್ಟರು. ಮೆಲ್ಲಗೆ, ರೋಗಿಗಳೊಂದಿಗೆ ಮಾತಾಡುವ ದನಿಯಲ್ಲಿ, ನೀರು ಹೇಗಿದೆ, ಗಾಳಿ ಹೇಗಿದೆ ಅಂತ ಹೇಳುತ್ತ ಹೋದರು. ಫ್ಯಾನಿನ ಸದ್ದು ಹುಟ್ಟು ಹಾಕುವ ಸದ್ದಾಯಿತು. ಖಾಕಿ ಕಾಗದ ಮಂಜಾಯಿತು, ಮಂಜಿನೊಳಗಿಂದ ಬಿಳಿ ಹಕ್ಕಿಗಳು ಎದ್ದವು. ನನ್ನ ಕಾಲಿಗೆ ನೀರು ತಣ್ಣಗೆ ತಾಗಿತು ಅಂದರೆ ನಗಬೇಡಿ. ದಂಡೆ ಮುಟ್ಟಿದ ಮೇಲೆ ಅವರು ಚಾಕ್ ತೆಗೆದುಕೊಂಡು ಒಂದು ಸಣ್ಣ ಚೌಕ ಬರೆದರು. ಅದು ಮನೆ. ಅಲ್ಲಿ ಯಾವ ಉಪ್ಪಿನ ವ್ಯಾಪಾರಿಯೂ ಇರಲಿಲ್ಲ.

ಹೊರಡುವ ಮೊದಲು ಅವರ ಕ್ಷಮೆ ಕೇಳಿದೆ. ಆ ಹಿಂಬರಹ ಓದಿ ವಾರ್ಡಿನವರೆಲ್ಲ ನಕ್ಕರಂತೆ, ತನಗೆ ಮಾತ್ರ ನಗು ಬರಲಿಲ್ಲವಂತೆ. ಮುಂದಿನ ಸಂಚಿಕೆ ತರಿಸುವುದು ಬೇಡ ಅಂತ ಇಡೀ ಗುಂಪು ಮಾತಾಡಿಕೊಂಡಿತ್ತಂತೆ. ರುಖಿಯಾಳ ಪತ್ರಿಕೆಯನ್ನು ಮುಳುಗಿಸುತ್ತಿದ್ದವನು ಬೇರೆ ಯಾರೂ ಅಲ್ಲ, ನಾನು.

ಶಹಾಪುರದಲ್ಲಿ ಬಸ್ ಇಳಿದವನೇ ರುಖಿಯಾಗೆ ಎಲ್ಲ ಹೇಳಿದೆ. ಆರನೇ ಸಂಚಿಕೆಗೆ ಒಂದು ನದಿ, ಒಂದು ಬೆಟ್ಟ, ಅರ್ಧಕ್ಕೆ ನಿಂತ ಒಂದು ಹಾದಿ, ಉಳಿದದ್ದೆಲ್ಲ ಬಿಳಿ ಹಾಳೆ ಅಂದೆ. ಅವಳು ಗಾಬರಿಯಾದಳು.

“ಇದೇ ಕೊನೀದು ಆಗಬಹುದು ಕಾಕಾ. ಖಾಲಿ ಹಾಳಿ ಕೊಟ್ರ ಮಂದಿ ಉಗಿಯಂಗಿಲ್ಲೇನ್ರಿ?”

ಉಗಿದರೆ ನನ್ನ ಮುಖಕ್ಕೆ ಉಗಿಯಲಿ ಅಂದೆ. ಆದರೆ ಬರೆಯಲು ಕೂತಾಗ ಗೊತ್ತಾಯಿತು, ಬಿಡುವುದು ಬರೆಯುವುದಕ್ಕಿಂತ ಕಷ್ಟ. ಗಡಿ ಕೂಡಿಸದೆ ನಕ್ಷೆ ಒಪ್ಪಿಸಿದರೆ ನಮ್ಮಲ್ಲಿ ಮೆಮೊ ಕೊಡುತ್ತಾರೆ. ಹಾದಿ ನಿಲ್ಲಿಸಿದ ಜಾಗಕ್ಕೆ ಕೈ ಮತ್ತೆ ಮತ್ತೆ ಹೋಗುತ್ತಿತ್ತು. ಎರಡು ಸಲ ಬಾವಿ ಬರೆದು ಎರಡು ಸಲ ಅಳಿಸಿದೆ.

ಆ ಸಲ ಕಟ್ಟು ವಾಪಸು ಬರಲಿಲ್ಲ. ಬಂದದ್ದು ಹಾಳೆಗಳು. ಓದುಗರು ಆ ಪುಟವನ್ನು ಹರಿದು, ತಮ್ಮ ದೇಶ ತುಂಬಿಸಿ ಕಳಿಸಿದ್ದರು. ಗುರುಮಠಕಲ್‌ನ ಕಂಡಕ್ಟರು ಊರುಗಳಿಗೆ ತೆಲುಗು ಹೆಸರಿಟ್ಟು, ನಡುವೆ ಬಸ್ ಸ್ಟ್ಯಾಂಡೂ ಮಾಡಿದ್ದ. ರುಖಿಯಾಳ ತಾಯಿ ಚಾಪೆಯ ಮೇಲೆ ಹಾಳೆಗಳನ್ನು ಹರಡಿಕೊಂಡು ಒಂದೊಂದೇ ನೋಡಿದರು. ಶಾಲೆಯ ಮಾತು ಮತ್ತೆ ಎತ್ತಲಿಲ್ಲ. ಏಳನೇ ಸಂಚಿಕೆಯಲ್ಲಿ ಈ ನಕ್ಷೆಗಳನ್ನೇ ಅಚ್ಚು ಮಾಡುವುದಾಯಿತು.

ಕಮಲಾಬಾಯಿಯದು ಮಾತ್ರ ಬಂದಿರಲಿಲ್ಲ. ಇನ್ನೂ ಸಿಟ್ಟಿದೆಯೇನೋ ಅಂತ ನಾನೇ ಫೋನ್ ಮಾಡಿ ಕೇಳಿದೆ. ಹಾಳೆ ತುಂಬಿಸಿದ್ದಾರಂತೆ, ಮನೆಯನ್ನೂ ಕಟ್ಟಿದ್ದಾರಂತೆ.

“ಕಳಸಂಗಿಲ್ರಿ ಸರ,” ಅಂದರು. “ನೌಕರಿ ಸೇರಿದಾಗಿಂದ ಹನ್ನೊಂದು ಕ್ವಾರ್ಟರ್ಸ್‌ನಾಗ ಇದ್ದೀನಿ. ಎಲ್ಲಾ ಸರಕಾರದ ರೆಕಾರ್ಡಿನಾಗ ಅವ. ಇದೊಂದು ಮನಿ ಯಾರ ರೆಕಾರ್ಡಿನಾಗೂ ಬ್ಯಾಡ್ರಿ.”

ಸಾವಿರಾರು ಹೊಲಗಳಿಗೆ ಗಡಿ ಕಲ್ಲು ನೆಡಿಸಿದ ಕಸುಬು, ಅಳೆಯದೆ ಬಿಡಬೇಕಾದ ಜಾಗವೂ ಮನುಷ್ಯರಿಗೆ ಬೇಕು ಅನ್ನುವುದನ್ನು ನನಗೆ ಕಲಿಸಿದ್ದು ಇಷ್ಟು ತಡವಾಗಿ. ಆಗಲಿ ತಾಯಿ, ನಿಮ್ಮ ಮನೆ ನಿಮ್ಮ ಹತ್ತಿರವೇ ಇರಲಿ ಅಂದೆ. ಎಷ್ಟು ಕೋಣೆ ಅಂತ ಕೇಳಬೇಕೆಂದು ಬಾಯಿಯವರೆಗೆ ಬಂದಿತ್ತು. ಕೇಳಲಿಲ್ಲ.