ಎಂಜಿನ್ನಿಗೆ ಗೇರ್‌ಬಾಕ್ಸ್ ಕೂಡಿಸಿದವರು

ಬೆಳಿಗ್ಗೆ ಪೂಜೆ ಮುಗಿಸಿ ಹಣೆಗೆ ಎಳೆದ ವಿಭೂತಿಯ ಪಟ್ಟೆಗಳ ಮೇಲೆ ಮಧ್ಯಾಹ್ನದ ಹೊತ್ತಿಗೆ ಗ್ರೀಸಿನದೊಂದು ಗೆರೆ ಬಂದಿರುತ್ತಿತ್ತು. ಬೆವರನ್ನು ಮುಂಗೈಯಿಂದ ಒರೆಸಿಕೊಳ್ಳುವುದು ನನ್ನ ಮಾವನವರ ಅಭ್ಯಾಸ. ಅತ್ತೆ "ಶಿವನಿಗೂ ಮಸಿ ಬಳಿದ್ರಾ" ಎಂದು ಗೊಣಗಿದರೆ, "ಅವನೇನು ಬ್ಯಾಡ ಅಂದನಾ" ಎನ್ನುತ್ತಿದ್ದರು.

ದಾವಣಗೆರೆ ಕಡೆಯಿಂದ ಎಳೆ ವಯಸ್ಸಿನಲ್ಲೇ ಬಂದು, ಪೀಣ್ಯದ ಕಾರ್ಖಾನೆಯೊಂದರಲ್ಲಿ ಗೇರಿನ ಹಲ್ಲು ಕೊರೆಯುತ್ತಲೇ ಮುದುಕರಾದವರು. ಅವರು ನಿವೃತ್ತರಾದ ಮೇಲೆ, ದಾಸರಹಳ್ಳಿಯ ಮನೆಯ ಗೇಟಿಗೂ ಮೆಟ್ಟಿಲಿಗೂ ನಡುವೆ ನಿಲ್ಲುತ್ತಿದ್ದ ಅವರ ಹಳೇ ಕಾರು ವಿಪರೀತ ಹೊಗೆ ಬಿಡತೊಡಗಿತು. "ಗುಜರಿಗೆ ಹಾಕಪ್ಪ" ಎಂದ ನನ್ನ ಗಂಡ. ಮಾವ ಮರುದಿನ ಬಾನೆಟ್ ಬಿಚ್ಚಿ ಗೋಡೆಗೆ ಒರಗಿಸಿದರು.

ವೈಟ್‌ಫೀಲ್ಡಿನ ಕಂಪನಿಯ ಕೆಲಸವನ್ನು ನಾನಾಗ ಮನೆಯಿಂದಲೇ ಮಾಡುತ್ತಿದ್ದೆ. ನೀರು ಕೊಡಲು ಹೋದಾಗ ಮಾವ ನನ್ನ ಕೈ ನೋಡಿ, "ಸಣ್ಣದೈತಿ, ಒಳಗೆ ಹೋಗುತ್ತೆ, ಹಾಕು" ಎಂದರು. ಸಂದಿಯಲ್ಲಿ ಬಿದ್ದಿದ್ದ ನಟ್ಟನ್ನು ತೆಗೆದುಕೊಟ್ಟೆ. ಅಲ್ಲಿಂದ ನನ್ನ ಊಟದ ಬಿಡುವೆಲ್ಲ ಆ ಕಾರಿನ ಮುಂದೆಯೇ ಕಳೆಯಿತು. ಹೊಗಳುವುದು ಅವರಿಗೆ ಗೊತ್ತಿರಲಿಲ್ಲ. ತಪ್ಪು ಮಾಡಿದರೆ ಗದರಿಕೆ, ಸರಿ ಮಾಡಿದರೆ ಮೌನ. ತವರಿನಲ್ಲಿ ಯಾರೂ ನನ್ನ ಕೈಗೆ ಸ್ಕ್ರೂಡ್ರೈವರ್ ಸಹ ಕೊಟ್ಟವರಲ್ಲ. ಅವರ ಮೌನವೇ ನನಗೆ ಬಹುಮಾನದಂತಿತ್ತು.

ಎಂಜಿನ್ ಹೊಸದಾಗಿ ಜೋಡಣೆಯಾದ ಮೇಲೆ ಅದಕ್ಕೆ ಗೇರ್‌ಬಾಕ್ಸ್ ಕೂಡಿಸುವ ಭಾನುವಾರ ಬಂತು. ಗೇರ್‌ಬಾಕ್ಸಿನಿಂದ ಹೊರಚಾಚಿದ ದಂಡ ಎಂಜಿನ್ನಿನ ಬೆನ್ನಿಗಿರುವ ಕ್ಲಚ್ ಪ್ಲೇಟಿನ ನಡುವಿನ ಹಲ್ಲುಗಳೊಳಗೆ ಸೇರಬೇಕು. ಮಾವ ಗೇರ್‌ಬಾಕ್ಸನ್ನು ಜಾಕಿನ ಮೇಲೆ ಇಟ್ಟು ತಳ್ಳುತ್ತಿದ್ದರು. ಎಂಜಿನ್ನಿನ ಇನ್ನೊಂದು ತುದಿಯಲ್ಲಿ ಕೂತು, ಹಲ್ಲುಗಳು ಹೊಂದುವಂತೆ ಸ್ಪ್ಯಾನರಿನಿಂದ ಎಂಜಿನ್ನನ್ನು ಕೂದಲೆಳೆಯಷ್ಟೇ ತಿರುಗಿಸುವುದು ನನ್ನ ಪಾಲಿನ ಕೆಲಸ. ಎಷ್ಟು ಮಾಡಿದರೂ ಎರಡರ ನಡುವೆ ಬೆರಳು ತೂರುವಷ್ಟು ಸಂದು ಉಳಿಯಿತು.

"ಇನ್ನು ಬೋಲ್ಟ್ ಹಾಕಿ ಬಿಗಿ ಮಾಡಿದ್ರೆ ಆಗಲ್ವಾ ಮಾವ?"

"ಬೋಲ್ಟು ಎಳೆಯೋಕಲ್ಲವ್ವ, ಹಿಡಿಯೋಕೆ. ಎರಡೂ ತಾವಾಗೇ ಕೂಡಬೇಕು" ಎಂದು ಹೇಳಿ, ಸೊಂಟ ಹಿಡಿದುಕೊಂಡು ಚಹಾಕ್ಕೆ ಒಳಗೆ ಹೋದರು.

ಅಷ್ಟರಲ್ಲಿ ಗಂಡ ಬಂದ. ಅಂಗಳದ ತುಂಬ ಕಾರಿನ ಭಾಗಗಳು ಹರಡಿದ್ದರಿಂದ ತಿಂಗಳುಗಟ್ಟಲೆ ಬೈಕನ್ನು ಬೀದಿಯಲ್ಲಿ ನಿಲ್ಲಿಸಿ ಅವನಿಗೆ ರೋಸಿಹೋಗಿತ್ತು. "ಇಷ್ಟಕ್ಕೆ ಇಡೀ ದಿನ ಬೇಕಾ?" ಎಂದು ಉದ್ದದ ಬೋಲ್ಟುಗಳನ್ನು ತೂರಿಸಿ ಬಿಗಿಯತೊಡಗಿದ. "ಬೇಡ ಕಣ್ರೀ, ಮಾವ ಎಳೀಬಾರ್ದು ಅಂದಿದ್ದಾರೆ" ಎಂದೆ. ಅವನು ಇನ್ನೊಂದು ಸುತ್ತು ತಿರುಗಿಸಿದ. ಗೇರ್‌ಬಾಕ್ಸಿನ ಅಂಚಿನಲ್ಲಿ ಬೋಲ್ಟು ಕೂರುವ ಕಿವಿಯೊಂದು ಚಟ್ಟೆಂದು ಸೀಳಿತು.

ಸದ್ದಿಗೆ ಮಾವ ಹೊರಗೆ ಬಂದರು. ಮುರಿದ ಕಿವಿಯನ್ನು ನೋಡಿದರು, ಮಗನ ಕೈಯಲ್ಲಿದ್ದ ಸ್ಪ್ಯಾನರನ್ನೂ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಹೆಣ್ಣುಮಕ್ಕಳನ್ನ ಇದಕ್ಕೆ ಕರೆದದ್ದೇ ನನ್ನ ತಪ್ಪು" ಎಂದರು. ನಾನು ಗಂಡನ ಮುಖ ನೋಡಿದೆ. ಅವನು ಬಟ್ಟೆ ತೆಗೆದುಕೊಂಡು ಕೈ ಒರೆಸಿಕೊಳ್ಳುತ್ತಿದ್ದ.

ಪೀಣ್ಯದ ಹಳೇ ಗೆಳೆಯರೊಬ್ಬರ ವರ್ಕ್‌ಶಾಪಿನಲ್ಲಿ ಮಾವ ಆ ಕಿವಿಗೆ ವೆಲ್ಡಿಂಗ್ ಮಾಡಿಸಿ ತಂದರು. ಆಮೇಲೆ ಕೆಲವು ದಿನ ಒಬ್ಬರೇ ಒದ್ದಾಡಿದರು. ಎರಡು ತುದಿಯಲ್ಲಿ ಒಬ್ಬರೇ ಕೂರಲು ಆಗುತ್ತದೆಯೇ? ಒಂದು ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಸಿಂಕಿನ ಕಡೆ ನೋಡುತ್ತ, "ಸ್ವಲ್ಪ ಬರ್ತೀಯೇನವ್ವ" ಎಂದರು.

ಹೋಗಬಾರದು ಎಂದುಕೊಂಡೇ ಹೋದೆ. ಅವರು ತಳ್ಳಿದರು, ನಾನು ತಿರುಗಿಸಿದೆ. ಯಾವ ಗಳಿಗೆಯಲ್ಲೋ ನನ್ನ ಕೈಯ ಸ್ಪ್ಯಾನರಿನಲ್ಲಿ ಸಣ್ಣದೊಂದು ಅದುರು ಬಂತು, ಗೇರ್‌ಬಾಕ್ಸ್ ಮೆತ್ತಗೆ ಜಾರಿ ಎಂಜಿನ್ನಿಗೆ ಅಂಟಿಕೊಂಡಿತು. ಮಾವ ಸುತ್ತಲೂ ಬೆರಳಾಡಿಸಿ ಸಂದು ಹುಡುಕಿದರು. ಸಂದು ಇರಲಿಲ್ಲ. "ಕೂತ್ಕೊಂತು" ಎಂದರು. ಅವರ ದನಿ ಅಷ್ಟು ಮೃದುವಾದದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ಕಾರು ಓಡಿದ ದಿನ ನೆಂಟರೆಲ್ಲ ಬಂದಿದ್ದರು. ನಾನು ಉಪ್ಪಿಟ್ಟಿನ ತಟ್ಟೆಗಳನ್ನು ಹಿಡಿದು ಬರುವಾಗ ಮಾವ ಹೇಳುತ್ತಿದ್ದರು: "ನಾನು, ನನ್ನ ಮಗ, ಇಬ್ಬರೇ ಮಾಡಿದ್ವಿ." ಮಗ ನಕ್ಕು ತಟ್ಟೆ ತೆಗೆದುಕೊಂಡ.

ಆ ಮನೆಯಿಂದ ನಾನು ಹೊರಬಂದದ್ದು ಕಾರಿನ ಕಾರಣಕ್ಕಲ್ಲ. ಆದರೆ ತಪ್ಪು ಯಾರದಾದರೂ ಬೈಗುಳ ನನಗೆ ಎಂಬುದು ಅಲ್ಲಿನ ದಿನನಿತ್ಯದ ಕ್ರಮವಾಗಿತ್ತು. ಬ್ರೂಕ್‌ಫೀಲ್ಡಿನಲ್ಲಿ ಬಾಡಿಗೆ ಮನೆ ಹಿಡಿದೆ. ಒಂದು ಮಧ್ಯಾಹ್ನ, ಯಾರಿಗೂ ಹೇಳದೆ, ಮಾವ ಅಲ್ಲಿಗೆ ಬಂದರು. ಚೀಲದಲ್ಲಿ ಶೇಂಗಾ ಚಟ್ನಿಪುಡಿ ಇತ್ತು. ಚಹಾ ಕುಡಿದು, ಲೋಟ ಕೆಳಗಿಟ್ಟು ಹೇಳಿದರು:

"ಅವತ್ತು ಮುರಿದೋನು ಅವನು. ನಂಗೆ ಗೊತ್ತಿತ್ತು."

"ಗೊತ್ತಿದ್ರೆ ಅವತ್ತೇ ಹೇಳಬಹುದಿತ್ತಲ್ಲ ಮಾವ."

"ಅವನು ಮಗ ಕಣವ್ವ."

ಬಸ್‌ಸ್ಟಾಪಿನವರೆಗೂ ಜೊತೆಗೆ ಹೋದೆ. ಬಸ್ಸು ಹತ್ತಿದವರು ತಿರುಗಿ ನೋಡಲಿಲ್ಲ. ಮತ್ತೆ ಬರಲೂ ಇಲ್ಲ. ಅವರ ಮೇಲಿನ ನನ್ನ ಸಿಟ್ಟು ಅವತ್ತೂ ಇಳಿಯಲಿಲ್ಲ, ಇವತ್ತಿಗೂ ಇಳಿದಿಲ್ಲ. ಆದರೂ ಕೆಟ್ಟು ನಿಂತ ಯಾವುದೇ ಯಂತ್ರದ ಮುಂದೆ ನಾನು ಹೆದರದೆ ಕೂರುತ್ತೇನೆ. ಆ ಧೈರ್ಯ ಕೊಟ್ಟವರು ಅವರೊಬ್ಬರೇ.

ಕಳೆದ ವರ್ಷ ಮಾಜಿ ಗಂಡ ಫೋನ್ ಮಾಡಿದ. "ಆ ಕಾರು ಮಾರ್ತಿದೀನಿ. ಏನೇನು ಕೆಲಸ ಮಾಡ್ಸಿದ್ದು ಅಂತ ಕೇಳ್ತಿದ್ದಾರೆ. ನಿಂಗೆ ಗೊತ್ತಲ್ವಾ?"

"ಮಾವನ್ನೇ ಕೇಳಿ."

"ಅಪ್ಪ ಹೋದ ತಿಂಗಳು ತೀರ್ಕೊಂಡ್ರು. ನಿಂಗೆ ಯಾರೂ ಹೇಳ್ಲಿಲ್ವಾ?"

ನಾನು ಕುರ್ಚಿ ಎಳೆದು ಕೂತೆ. ಫೋನ್ ಸ್ಪೀಕರಿನಲ್ಲಿತ್ತೇನೋ, ಆ ಕಡೆ ಕಾರು ಕೊಳ್ಳಲು ಬಂದವನು ಹತ್ತಿರವೇ ಇದ್ದಿರಬೇಕು. "ಯಾವ ಗ್ಯಾರೇಜಲ್ಲಿ ಮಾಡ್ಸಿದ್ದು ಮೇಡಂ?" ಎಂದ.

"ಗ್ಯಾರೇಜಲ್ಲಿ ಅಲ್ಲ, ಮನೇಲೇ ಮಾಡಿದ್ದು" ಎಂದೆ. "ನಮ್ಮ ಮಾವ, ನಾನು, ಇಬ್ಬರೇ ಮಾಡಿದ್ವಿ."

ಅವನ ಪಕ್ಕದಲ್ಲೇ ಇದ್ದ ಮಾವನ ಮಗ ಅಲ್ಲವೆನ್ನಲಿಲ್ಲ.