ಬಾಯಿಗೆ ಬಾರದ ಹಕಾರ

ಗಂಟಲು ಕೊಯ್ಯಬೇಕು, ಆಮೇಲೆ ಮಾತು ಬರುವುದಿಲ್ಲ ಎಂದು ಡಾಕ್ಟರು ಹೇಳಿದಾಗ ನಾನು ಅಳಲಿಲ್ಲ. ಮೊಮ್ಮಗಳು ಅತ್ತಳು. ನಮ್ಮೂರು ಭೀಮನಬೀಡಿನ ಮದುವೆಗಳಲ್ಲಿ ಸೋಬಾನೆ ಪದ ಎತ್ತಿಕೊಡುತ್ತಿದ್ದವಳು ನಾನು. ಪಕ್ಕದ ಮನೆಯವಳು ನಾನು ಬಿಟ್ಟ ಸೊಲ್ಲನ್ನು ಹಿಂದಿನಿಂದ ಹಿಡಿಯುತ್ತಿದ್ದಳು.

ಮೊಮ್ಮಗಳು ಚಾಮರಾಜನಗರದಲ್ಲಿ ಓದುತ್ತಾಳೆ, ಮದುವೆ ವಿಡಿಯೋಗಳಿಗೆ ಕಂಪ್ಯೂಟರಿನಲ್ಲೇ ಸಂಗೀತ ಕೂಡಿಸುತ್ತಾಳೆ. ಕೊಳಲು, ಡೋಲು, ವಾಲಗ ಎಲ್ಲ ಅದರೊಳಗೇ ಇವೆ. ಗುಂಡಿ ಒತ್ತಿದರೆ ನುಡಿಯುತ್ತವೆ. ಅದಕ್ಕೆ ಸಿಂಥು ಎನ್ನುತ್ತಾಳೆ.

"ನಿನ್ ದನೀನೂ ಇದ್ರೊಳಗೆ ಇಡ್ತೀನಿ ಕಣಜ್ಜಿ. ಒಂದೊಂದೇ ಅಕ್ಷರ ಎಳ್ದು ಹೇಳು. ಆಮೇಲೆ ಯಾವ್ ಪದ ಬೇಕಾದ್ರೂ ನಾನು ಕೂಡಿಸ್ಕತೀನಿ."

"ಮಡಿಕೊ, ಉಪ್ಪಿನಕಾಯಿ ಮಡಗ್ದಂಗೆ" ಎಂದೆ.

ಆಪರೇಷನ್ನಿಗೆ ಮುಂಚೆ ಒಂದು ದಿನ ಫ್ಯಾನು ನಿಲ್ಲಿಸಿ, ಬಾಗಿಲು ಹಾಕಿ, ಮೈಕಿನ ಮುಂದೆ ಕೂರಿಸಿದಳು. ಅ ಎಂದೆ, ಕ ಎಂದೆ, ಎಲ್ಲ ಎಂದೆ. ಸಿಕ್ಕಿಕೊಂಡದ್ದು ಹ ಒಂದೇ.

"ಹ ಅನ್ನಜ್ಜಿ."

"ಅ."

"ಅ ಅಲ್ಲ, ಹ. ಹಸೆಮಣೆ."

"ಅದ್ನೇ ಅಂದ್ನಲ್ಲಮ್ಮಿ. ಅಸೆಮಣೆ."

ಗಂಟಲು ನೊಂದಿತು. ಬುಡು ಎಂದು ಎದ್ದುಬಿಟ್ಟೆ.

ಆಪರೇಷನ್ ಆಯಿತು. ಉಸಿರಿಗೆ ಕತ್ತಿನಲ್ಲಿ ಒಂದು ತೂತು ಉಳಿಯಿತು. ಈಗ ಬೇಕಾದ್ದನ್ನು ಸ್ಲೇಟಿನ ಮೇಲೆ ಬರೆಯುತ್ತೇನೆ; ಒತ್ತಕ್ಷರ ಬಂದರೆ ಆ ಮಾತನ್ನೇ ಬಿಡುತ್ತೇನೆ.

ಗುಂಡ್ಲುಪೇಟೆಯ ಒಂದು ಮದುವೆಗೆಂದು ಮೊಮ್ಮಗಳು ಸೋಬಾನೆ ಕೂಡಿಸಿ ತಂದಳು. ಪಕ್ಕದ ಮನೆಯವಳನ್ನೂ ಕರೆದು ಕೇಳಿಸಿದಳು. ದನಿ ನನ್ನದೇ. ಹಸೆಮಣೆಗೆ ಕರೆಯುವ ಸೊಲ್ಲು ಮುಗಿಯಿತು, ಹಿಂದಿನಿಂದ ಹಿಡಿಯುವ ಜಾಗ ಬಂತು. ಅವಳು ಹಿಡಿಯಲಿಲ್ಲ.

"ಇದ್ಯಾರಮ್ಮಿ, ಬಾಯ್ತುಂಬ ಗಾಳಿ ತುಂಬ್ಕಂಡು ಪದ ಆಡೋಳು? ನಿಮ್ಮಜ್ಜಿ ಅಲ್ಲ ಕಣ."

ಮೊಮ್ಮಗಳು ತಲೆ ತಗ್ಗಿಸಿದಳು. ಹಕಾರ ಬಂದ ಕಡೆಯೆಲ್ಲ ತನ್ನ ಗೆಳತಿಯ ದನಿ ಅಂಟಿಸಿದ್ದಳಂತೆ.

ನನಗೆ ಮೈಯೆಲ್ಲ ಉರಿಯಿತು. ಇದ್ದ ಗಂಟಲು ಹೋಯಿತು. ಕಂಪ್ಯೂಟರಿನಲ್ಲಿ ಉಳಿದದ್ದಕ್ಕೂ ಇನ್ನೊಬ್ಬಳ ಬಾಯಿ. ಸ್ಲೇಟಿನ ತುಂಬ ಅ ಎಂದು ಬರೆದು ಮೊಮ್ಮಗಳ ಮೂಗಿಗೆ ಹಿಡಿದೆ.

"ಮದ್ವೆ ಮನೆಯೋರು ನಗ್ತಾರಜ್ಜಿ."

"ನಗ್ಲಿ ಬುಡು. ಮದ್ವೇಲಿ ಅಳ್ಬೇಕಾ?" ಎಂದಳು ಪಕ್ಕದ ಮನೆಯವಳು.

ಮೊಮ್ಮಗಳು ಮುಖ ಊದಿಸಿಕೊಂಡೇ ಗೆಳತಿಯ ಹಕಾರವನ್ನು ಕಿತ್ತು ನನ್ನ ಅಕಾರ ಕೂರಿಸಿದಳು. ಅಸೆಮಣೆ ಎಂದಿತು. ಪಕ್ಕದ ಮನೆಯವಳು ತಟ್ಟನೆ ಸೊಲ್ಲು ಹಿಡಿದಳು. ಮುಂದಿನ ಸೊಲ್ಲು ಎತ್ತಿಕೊಡಲು ನಾನೂ ಬಾಯಿ ತೆರೆದೆ. ಕತ್ತಿನ ತೂತಿನಿಂದ ಬರೀ ಗಾಳಿ ಬಂತು: ಹ.