ಬೇಲಿಯ ಹಳದಿ ಕಾಯಿ

ನನ್ನ ಮಗಳಿಗೆ ಎರಡೂವರೆ ವರ್ಷ. ಬಾರಿಹಣ್ಣಿನ ಕಾಲದಲ್ಲಿ ನಾನೇ ಬೀಜ ಬಿಡಿಸಿ ಅವಳ ಬಾಯಿಗಿಡುತ್ತಿದ್ದೆ. ಹಳದಿಯಾದರೆ ಹಣ್ಣು ಎಂದು ಕಲಿಸಿದವಳೂ ನಾನೇ.

ಕೊಟ್ಟೂರಿನ ನಮ್ಮ ಮನೆಗೆ ಕಾಂಪೌಂಡ್ ಇರಲಿಲ್ಲ. ಬೇಲಿಗೆಂದು ಹರಪನಹಳ್ಳಿಯಿಂದ ಆರು ಸಸಿ ತಂದು ನೆಟ್ಟಿದ್ದೆ. ಹೆಸರು ಕೇಳಲಿಲ್ಲ. ಆಡು ಮುಟ್ಟುವುದಿಲ್ಲ ಎಂದು ಮಾರುವವನು ಹೇಳಿದ್ದೇ ನನಗೆ ಸಾಕಾಗಿತ್ತು. ಎರಡು ವರ್ಷಕ್ಕೆ ಗಿಡಗಳು ಎದೆಯೆತ್ತರ ಬೆಳೆದು, ನೀಲಿ ಹೂ ಬಿಟ್ಟು, ಗೊಂಚಲು ಗೊಂಚಲಾಗಿ ಹಳದಿ ಕಾಯಿ ಜೋತುಬಿದ್ದವು.

ಅವತ್ತು ಬೆಳಿಗ್ಗೆ ಬಟ್ಟೆ ಒಣಹಾಕುತ್ತಿದ್ದೆ. ತಿರುಗಿ ನೋಡಿದರೆ ಮಗಳು ಬೇಲಿಯ ಬುಡದಲ್ಲಿ ಕೂತು ಏನೋ ಜಗಿಯುತ್ತಿದ್ದಾಳೆ. ಬಾಯಲ್ಲಿ ಬೆರಳಾಡಿಸಿದೆ. ಹಳದಿ ಸಿಪ್ಪೆ ಬಂತು. ಎಷ್ಟು ನುಂಗಿದ್ದಳೋ!

"ಉಪ್ಪುನೀರು ಕುಡಸವ್ವಾ, ವಾಂತಿ ಆಗ್ಲಿ," ಎಂದು ಅತ್ತೆ ಲೋಟ ಹಿಡಿದು ಓಡಿ ಬಂದರು. ನಾನು ಲೋಟ ಈಸಿಕೊಂಡೂ ಬಿಟ್ಟಿದ್ದೆ. ಅಷ್ಟರಲ್ಲಿ ಪಕ್ಕದ ಮನೆಯ ಮೆಕ್ಯಾನಿಕ್ ಬೈಕ್ ಚಾಲೂ ಮಾಡಿ, "ಅದೆಲ್ಲ ಬ್ಯಾಡಕ್ಕಾ, ಮೊದ್ಲು ಕುಂದ್ರು," ಎಂದು ಕೂಗಿದ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ್ದು ಒಂದೇ. "ಯಾವ ಗಿಡದ ಕಾಯಿ?"

"ಹಳದಿವು ರೀ..."

"ಹಳದಿ ಕಾಯಿ ಎಷ್ಟೋ ಗಿಡಕ್ಕ ಬಿಡ್ತಾವಮ್ಮಾ. ಹೆಸರೇನು?"

ನನ್ನ ಕೈಯಾರೆ ನೆಟ್ಟ ಗಿಡ, ದಿನಾ ನೀರು ಹಾಕಿದ ಗಿಡ. ಮೆಕ್ಯಾನಿಕ್ ಒಂದು ಟೊಂಗೆ ಮುರಿದು ತರಲು ವಾಪಸು ಓಡಿದ. ಅವನು ಬರುವುದರೊಳಗೆ ಮಗಳು ಎರಡು ಸಲ ವಾಂತಿ ಮಾಡಿದಳು. ಮೈ ಕಾದ ಹಂಚಾಯಿತು. ರೆಪ್ಪೆ ಮುಚ್ಚಿಕೊಳ್ಳುತ್ತಿತ್ತು. ಕೆನ್ನೆ ತಟ್ಟಿ ಕರೆದರೆ ಯಾರೋ ಎಂಬಂತೆ ನೋಡಿ ಮತ್ತೆ ಮುಚ್ಚುತ್ತಿದ್ದಳು. ಅವಳ ಬದಲು ನನ್ನನ್ನು ಕರಕೋ ಎಂದು ಗೋಡೆಗೆ ಹಣೆ ಒತ್ತಿ ನಿಂತೆ.

ಎಲೆ, ಹೂವು, ಕಾಯಿ ಇದ್ದ ಟೊಂಗೆ ಬಂತು. ಡಾಕ್ಟರು ತಿರುಗಿಸಿ ನೋಡಿ, ಫೋನಿನಲ್ಲಿ ಯಾರೊಡನೆಯೋ ಮಾತಾಡಿದರು. "ಡುರಂಟಾ ಇದು. ಚಂದಕ್ಕ ಹಚ್ತಾರ, ಕಾಯಿ ವಿಷ. ಮನ್ಯಾಗ ಏನಾರ ಕುಡಿಸೀರೇನು?"

"ಇಲ್ರಿ."

"ಚಲೋ ಆತು. ವಾಂತಿ ಮಾಡ್ಸಾಕ ಹೋಗಿ ಅದು ಉಸಿರಿನ ದಾರಿಗೆ ಇಳಿದಿದ್ರ ಕಷ್ಟ ಆಗ್ತಿತ್ತು."

"ಉಳಿತಾಳೇನ್ರಿ ಸಾರ್?"

"ನೋಡಾಣ," ಎಂದು ಸಲೈನ್ ಹಾಕಿಸಿದರು.

ಮಧ್ಯಾಹ್ನವೆಲ್ಲ ಅವಳ ಎದೆ ಏಳುವುದನ್ನೇ ನೋಡುತ್ತ ಕೂತೆ. ಸಂಜೆ ಕಣ್ಣು ಬಿಟ್ಟವಳು ಕೈಗೆ ಅಂಟಿಸಿದ ಪಟ್ಟಿ ಕೀಳುತ್ತ, "ತಗೀ ಇದನ್ನ," ಎಂದು ಸಿಟ್ಟಿನಿಂದ ಅತ್ತಳು. ಆಗ ನನಗೂ ಅಳು ಬಂತು.

ಮೂರನೆಯ ದಿನ ಮನೆಗೆ ಬಂದು ಆರೂ ಗಿಡ ಬುಡಸಮೇತ ಕಿತ್ತೆ. ನಮ್ಮ ಓಣಿಯಲ್ಲಿ ಇನ್ನೂ ಮೂರು ಮನೆಯ ಮುಂದೆ ಅದೇ ಗಿಡವಿತ್ತು. ಹೋಗಿ ಹೇಳಿದೆ. ಎರಡು ಮನೆಯವರು ಅವತ್ತೇ ಕಿತ್ತರು. ಮೂರನೆಯ ಮನೆಯ ಹೆಂಗಸು, "ನಮ್ಮ ಕೂಸು ಅಂಥಾದ್ದೆಲ್ಲ ಬಾಯಿಗೆ ಹಾಕಂಗಿಲ್ರಿ, ಎಷ್ಟು ಚಂದ ಕಾಣ್ತೈತಿ," ಎಂದು ನಕ್ಕಳು. ಆ ಕೂಸು ಈಗಷ್ಟೇ ಅಂಬೆಗಾಲಿಡುತ್ತಿದೆ. ಎರಡು ಸಲ ಹೋಗಿ ಕೈಮುಗಿದಿದ್ದೇನೆ. ಇನ್ನೂ ಕಿತ್ತಿಲ್ಲ.